ಹಳೆಯ ಹೊಗೆಗೂಡಿಗೆ ಕಬ್ಬಿಣದ ಒಲೆ ಜೋಡಿಸುವ ಮುನ್ನ

ಗೊಬ್ಬರದ ಬಿಲ್ಲು ಮಾಡಿಸಲು ಸಂಘದ ಕಾರ್ಯಾಲಯಕ್ಕೆ ಬಂದಿದ್ದ ಸದಸ್ಯರೊಬ್ಬರು ಕೆಲಸ ಮುಗಿದ ಮೇಲೂ ಏಳದೆ ಕುಳಿತಿದ್ದರು. ಏನು ಸಮಾಚಾರವೆಂದು ಕೇಳಿದೆ. "ಜಗಲಿಗೆ ಒಂದು ಕಬ್ಬಿಣದ ಒಲೆ ತಂದಿದ್ದೇನೆ ಸ್ವಾಮಿ. ಹಳೇ ಹೊಗೆಗೂಡು ಹೇಗೂ ಇದೆ. ಗೋಡೆಗೆ ಒಂದು ತೂತು ಹೊಡೆದು ಪೈಪು ತೂರಿಸಿದರೆ ಆಯಿತಲ್ಲವೇ?" ಎಂದರು. ಈ ವರ್ಷ ಇದೇ ಪ್ರಶ್ನೆ ಕೇಳಿದವರಲ್ಲಿ ಅವರು ನಾಲ್ಕನೆಯವರು. ಕಾರಣ ಊಹಿಸುವುದು ಕಷ್ಟವಲ್ಲ. ಅಡಿಗೆಮನೆಗೆ ಗ್ಯಾಸು ಬಂದ ಮೇಲೆ ಅನೇಕ ಮನೆಗಳಲ್ಲಿ ಹೊಗೆಗೂಡು ಕೆಲಸವಿಲ್ಲದೆ ನಿಂತಿದೆ. ಮಳೆಗಾಲದಲ್ಲಿ ವಯಸ್ಸಾದವರಿಗೆ ಬೆಚ್ಚಗಿರಲಿ ಎಂದು ಕೆಲವರು, ಹೋಂಸ್ಟೇಗೆ ಬರುವ ಅತಿಥಿಗಳಿಗೆ ಇರಲಿ ಎಂದು ಇನ್ನು ಕೆಲವರು ಬಾಗಿಲು ಮುಚ್ಚಿ ಉರಿಸುವ ಕಬ್ಬಿಣದ ಒಲೆ ತರುತ್ತಿದ್ದಾರೆ. ಮರಗಸಿಯ ಸಿಲ್ವರ್ ಓಕ್ ಕೊಂಬೆ, ಕಿತ್ತ ಕಾಫಿ ಗಿಡದ ಬೊಡ್ಡೆ ತೋಟದಲ್ಲೇ ಸಿಗುವುದರಿಂದ ಕಟ್ಟಿಗೆಗೂ ಖರ್ಚಿಲ್ಲ.

ಆದರೆ "ಆಯಿತಲ್ಲವೇ" ಎಂಬುದಕ್ಕೆ ನಾನು ಆಗಲಿಲ್ಲವೆಂದೇ ಉತ್ತರ ಹೇಳಬೇಕಾಯಿತು. 2011ರಲ್ಲಿ ನಾನೂ ಹೀಗೆಯೇ ಆಯಿತು ಎಂದುಕೊಂಡವನು. ಅದರ ಫಲವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆಯ ಹೊಗೆಗೂಡು ಅಜ್ಜ 1938ರಲ್ಲಿ ಕಟ್ಟಿಸಿದ್ದು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಅರ್ಧ ಇಟ್ಟಿಗೆಯ ಗೋಡೆ. ಒಳಗೆ 14 ಅಂಗುಲ ಉದ್ದ, 14 ಅಂಗುಲ ಅಗಲ. ಅಡಿಗೆಮನೆ ಮತ್ತು ನಡುಮನೆಗೆ ಸಮಾನವಾದ ಗೋಡೆಯಲ್ಲಿ ಎದ್ದು, ಅಟ್ಟವನ್ನು ದಾಟಿ, ಹೆಂಚಿನ ಮಾಡಿನ ಮೇಲೆ ಹೋಗುತ್ತದೆ. ಎಪ್ಪತ್ತು ವರ್ಷ ಅಡಿಗೆ ಒಲೆಯ ಹೊಗೆಯನ್ನು ಒಂದು ದಿನವೂ ತಕರಾರಿಲ್ಲದೆ ಹೊರಹಾಕಿತ್ತು. ಅಮ್ಮನಿಗೆ ಮಂಡಿನೋವು ಜಾಸ್ತಿಯಾದಾಗ ನಡುಮನೆಗೆ ಒಂದು ಕಬ್ಬಿಣದ ಒಲೆ ತರಿಸಿ, ಗೋಡೆ ಕೊರೆಸಿ, 6 ಅಂಗುಲದ ಕೊಳವೆಯನ್ನು ಅದೇ ಹೊಗೆಗೂಡಿಗೆ ಸೇರಿಸಿದೆ. ಎರಡು ಮಳೆಗಾಲ ಸುಖವಾಗಿ ಕಳೆಯಿತು. 2013ರ ಜುಲೈ ತಿಂಗಳ ಒಂದು ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಅಮ್ಮ, "ಏನೋ ಅದು, ಲಾರಿ ಮನೆಯೊಳಗೇ ಬಂದ ಹಾಗೆ ಸದ್ದು?" ಎಂದರು. ಘಟ್ಟ ಹತ್ತುವ ಲಾರಿಯ ಸದ್ದೇ. ಅದು ಬರುತ್ತಿದ್ದುದು ಗೋಡೆಯಿಂದ. ಹೊರಗೆ ಓಡಿಹೋಗಿ ನೋಡಿದರೆ ಹೊಗೆಗೂಡಿನ ನೆತ್ತಿಯಿಂದ ಎರಡಾಳು ಎತ್ತರದ ಬೆಂಕಿ, ಸುತ್ತ ಕಿಡಿಗಳ ಮಳೆ. ನಿಜವಾದ ಮಳೆಯೂ ಹುಯ್ಯುತ್ತಿದ್ದುದರಿಂದ ಮಾಡಿಗೆ ಏನೂ ಆಗಲಿಲ್ಲ. ಅಪಾಯವಿದ್ದುದು ಒಳಗೆ. ಅಟ್ಟದ ಮೇಲೆ ಹೋದ ಮಗ, "ತೊಲೆ ಹೊಗೆಯಾಡುತ್ತಿದೆ" ಎಂದು ಕೂಗಿದ. ಪಕ್ಕದಲ್ಲೇ ಆ ವರ್ಷದ ಕಾಳುಮೆಣಸಿನ ಮೂಟೆಗಳು. ಬೋರ್ಡೋ ಹೊಡೆಯುವ ಬೆನ್ನಿನ ಪಂಪಿಗೆ ಬರಿಯ ನೀರು ತುಂಬಿಸಿ, ತೊಲೆಯ ತುದಿಗೆ ರಾತ್ರಿ ಒಂದು ಗಂಟೆಯವರೆಗೆ ಹೊಡೆದೆವು. ಮನೆ ಉಳಿಯಿತು.

ಮರುದಿನ ಇಟ್ಟಿಗೆ ಬಿಚ್ಚಿಸಿದಾಗ ಕಂಡದ್ದು ಇಷ್ಟು: ಕಟ್ಟಿದ ಮೇಸ್ತ್ರಿಯವರು ಅಟ್ಟದ ಹಲಸಿನ ತೊಲೆಯ ತುದಿಯನ್ನು ಹೊಗೆಗೂಡಿನ ಗೋಡೆಯೊಳಗೇ ಕೂರಿಸಿದ್ದರು. ಅದಕ್ಕೂ ಬೆಂಕಿಗೂ ನಡುವೆ ಇದ್ದುದು ಎರಡು ಅಂಗುಲದ ಇಟ್ಟಿಗೆ ಚೂರು ಮತ್ತು ಮಣ್ಣು. ತೊಲೆಯ ತುದಿ ಒಂದು ಗೇಣಿನಷ್ಟು ಇದ್ದಿಲಾಗಿತ್ತು. ಆ ಇದ್ದಿಲೆಲ್ಲ ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಒಳಗಿನದು ಬಹಳ ಹಳೆಯದು. ವರ್ಷಗಟ್ಟಲೆ ಶಾಖಕ್ಕೆ ಸಿಕ್ಕ ಮರ ಒಳಗೊಳಗೇ ಮಾಗಿ, ಹೊಸ ಮರ ಹೊತ್ತಿಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ ಶಾಖದಲ್ಲಿ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತೊಲೆಯನ್ನೋ ಜಂತಿಯನ್ನೋ ಹೊಗೆಗೂಡಿಗೆ ಆನಿಸಿರುವುದು ಅಪರೂಪವಲ್ಲ. ನಿಮ್ಮ ಮನೆಯಲ್ಲಿ ಇಲ್ಲವೆಂದು ಅಟ್ಟ ಹತ್ತಿ ನೋಡದೆ ಹೇಳಬೇಡಿ.

ತೆರೆದ ಒಲೆಗೂ ಮುಚ್ಚಿದ ಒಲೆಗೂ ಇರುವ ವ್ಯತ್ಯಾಸ

ಎಪ್ಪತ್ತು ವರ್ಷ ಸುಮ್ಮನಿದ್ದ ಹೊಗೆಗೂಡು ಎರಡೇ ವರ್ಷದಲ್ಲಿ ಹೊತ್ತಿಕೊಂಡದ್ದೇಕೆ? ಹಳೆಯ ಮಣ್ಣಿನ ಒಲೆಯ ಬಾಯಿ ಸದಾ ತೆರೆದಿರುತ್ತದೆ. ಹೊಗೆಯ ಜೊತೆಗೆ ಕೋಣೆಯ ಗಾಳಿಯೂ ಧಾರಾಳವಾಗಿ ಮೇಲೆ ಹೋಗುವುದರಿಂದ ಹೊಗೆ ತೆಳುವಾಗಿರುತ್ತದೆ, ಗೋಡೆಗೆ ಅಂಟುವುದು ಕಡಿಮೆ. ಅಂಟಿದ್ದೂ ಬಹುಪಾಲು ಪುಡಿ ಮಸಿ. ಕಬ್ಬಿಣದ ಒಲೆ ಹಾಗಲ್ಲ. ಅದರ ಬಾಗಿಲು ಮುಚ್ಚಿ, ಗಾಳಿಯ ಕಿಂಡಿಯನ್ನು ಸಣ್ಣದು ಮಾಡಿ, ಒಂದು ತುಂಡು ಕಟ್ಟಿಗೆಯಲ್ಲಿ ಇಡೀ ರಾತ್ರಿ ಕಳೆಯಬಹುದು. ಕಟ್ಟಿಗೆ ಉಳಿಯಿತೆಂದು ನಾವು ಸಂತೋಷಪಡುತ್ತೇವೆ. ಆದರೆ ಗಾಳಿ ಸಾಲದೆ ಕಮರುವ ಕಟ್ಟಿಗೆಯಿಂದ ಹೊರಟ ಅನಿಲ ಮತ್ತು ಟಾರಿನ ಆವಿ ಒಲೆಯಲ್ಲಿ ಉರಿಯದೆ ಹಾಗೆಯೇ ಮೇಲೆ ಹೋಗುತ್ತದೆ. ಹೊಗೆ ಸುಮಾರು 120 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ತಣಿದ ಕಡೆ ಈ ಆವಿ ಗೋಡೆಗೆ ಹತ್ತಿ ಕಪ್ಪು ಅಂಟಾಗುತ್ತದೆ. ಇದಕ್ಕೆ ಕ್ರಿಯೋಸೋಟ್ ಎಂದು ಹೆಸರು. ಏಲಕ್ಕಿ ಗೂಡು ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಸಿ ಕಟ್ಟಿಗೆ ತುಂಬಿದ ದಿನ ಕೊಳವೆಯ ಸಂದಿನಿಂದ ತೊಟ್ಟಿಕ್ಕುವ, ಬಟ್ಟೆಗೆ ತಾಗಿದರೆ ಜನ್ಮದಲ್ಲಿ ಹೋಗದ ಕರಿ ನೀರು ಇದೇ. ಒಣಗಿದಾಗ ಗಾಜಿನಂತೆ ಹೊಳೆಯುವ ಪದರವಾಗಿ ಗಟ್ಟಿಯಾಗುತ್ತದೆ. ಹೊತ್ತಿಕೊಂಡರೆ ಹೊಗೆಗೂಡಿನೊಳಗೆ 1000 ಡಿಗ್ರಿಯನ್ನು ದಾಟುವ ಶಾಖ ಹುಟ್ಟಬಲ್ಲದು.

ಇನ್ನೊಂದು ಲೆಕ್ಕವನ್ನು ಗಮನಿಸಿ. ಒಂದು ಕಿಲೋ ಪೂರ್ತಿ ಒಣಗಿದ ಕಟ್ಟಿಗೆ ಉರಿದರೂ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊಗೆಗೂಡಿಗೆ ಹೋಗುತ್ತದೆ. ಕಟ್ಟಿಗೆಯಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ಹುಟ್ಟುವ ನೀರು ಅದು. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದರಿಂದ ಅಂಥ ಒಂದು ಕಿಲೋದಿಂದ ಮುಕ್ಕಾಲು ಲೀಟರ್ ನೀರು ಹೋಗುತ್ತದೆ, ಸಿಗುವ ಶಾಖ ಮಾತ್ರ ಅರ್ಧಕ್ಕೂ ಕಡಿಮೆ. ಈ ನೀರಿನಲ್ಲಿ ಮರದ ಹುಳಿ ಸೇರಿರುತ್ತದೆ. ಸುಣ್ಣದ ಗಾರೆಯನ್ನು ಅದು ತಿನ್ನುತ್ತದೆ, ಮಣ್ಣಿನ ಗಾರೆಯನ್ನು ಕರಗಿಸಿ ಇಳಿಸುತ್ತದೆ. ಹೊಗೆಗೂಡಿನ ಹೊರಗೋಡೆಯಲ್ಲಿ ಕಂದು ಕಲೆ ಮೂಡಿ, ಎಷ್ಟು ಸಲ ಸುಣ್ಣ ಹೊಡೆದರೂ ಮತ್ತೆ ಕಾಣಿಸಿಕೊಳ್ಳುತ್ತಿದ್ದರೆ ಕಾರಣ ಇದೇ.

ಹೊಗೆ ಮೇಲೇರುವುದು ಹೇಗೆಂಬುದನ್ನೂ ತಿಳಿದಿರಬೇಕು. ಬಿಸಿಯಾದ ಹೊಗೆ ಹೊರಗಿನ ಗಾಳಿಗಿಂತ ಹಗುರ. ಆ ಹಗುರವೇ ಸೆಳೆತ. 20 ಅಡಿ ಎತ್ತರದ ಹೊಗೆಗೂಡಿನಲ್ಲಿ ಹೊಗೆಯ ಸರಾಸರಿ ಶಾಖ 150 ಡಿಗ್ರಿ, ಹೊರಗಿನ ಗಾಳಿ 20 ಡಿಗ್ರಿ ಇದ್ದರೆ ಹುಟ್ಟುವ ಸೆಳೆತ ಸುಮಾರು 2 ಮಿಲಿಮೀಟರ್ ನೀರಿನ ಒತ್ತಡದಷ್ಟು ಮಾತ್ರ. ಇಷ್ಟು ದುರ್ಬಲವಾದ ಸೆಳೆತವನ್ನು ನಂಬಿ ಇಡೀ ವ್ಯವಸ್ಥೆ ನಿಂತಿದೆ. ಹೊಗೆ ತಣಿದರೆ ಅದೂ ಹೋಯಿತು. ನನ್ನ 6 ಅಂಗುಲದ ಕೊಳವೆಯ ಬಾಯಿ 28 ಚದರ ಅಂಗುಲ. ಅಜ್ಜನ ಹೊಗೆಗೂಡಿನದು 196 ಚದರ ಅಂಗುಲ, ಅಂದರೆ ಏಳು ಪಟ್ಟು. ಸಣ್ಣ ಕಾಲುವೆಯ ನೀರನ್ನು ಕೆರೆಗೆ ಬಿಟ್ಟಂತೆ ಹೊಗೆ ಅಲ್ಲಿ ಹರಡಿ, ನಿಧಾನವಾಗಿ, ತಣ್ಣಗಿನ ಇಟ್ಟಿಗೆಗೆಲ್ಲ ತನ್ನ ಟಾರನ್ನು ಬಳಿಯುತ್ತ ಹೋಗುತ್ತಿತ್ತು. ಹೊಗೆದಾರಿಯ ವಿಸ್ತೀರ್ಣ ಒಲೆಯ ಕೊಳವೆಯ ಮೂರು ಪಟ್ಟಿಗಿಂತ ಹೆಚ್ಚಿರಬಾರದು. ಹೊಗೆಗೂಡು ಮನೆಯ ಹೊರಗೋಡೆಗೆ ಅಂಟಿ ಮಳೆಗೆ ಮೈಯೊಡ್ಡಿ ನಿಂತಿದ್ದರೆ ಎರಡು ಪಟ್ಟು ಎಂಬುದು ಬಲ್ಲವರು ಪಾಲಿಸುವ ನಿಯಮ. ನಮ್ಮ ಮಳೆಯನ್ನು ನೆನೆದರೆ ನಾನು ಎರಡು ಪಟ್ಟನ್ನೂ ಒಪ್ಪುವುದಿಲ್ಲ. ಕೊಳವೆ ಎಷ್ಟೋ ಹೊಗೆದಾರಿಯೂ ಅಷ್ಟೇ ಇರಲಿ.

ಕೊಳವೆಯ ಅಳತೆಗೆ ಹೊಗೆದಾರಿಯನ್ನು ಇಳಿಸುವುದು, ಹುಳಿ ನೀರನ್ನು ಗಾರೆಗೆ ತಾಗಿಸದಿರುವುದು, ಬೆಂಕಿ ಹತ್ತಿದರೂ ಅದನ್ನು ಮರದಿಂದ ದೂರವಿಡುವುದು, ಈ ಮೂರೂ ಕೆಲಸ ಮಾಡುವುದೇ ಹೊಗೆಗೂಡಿನ ಒಳಗೆ ಇನ್ನೊಂದು ಕೊಳವೆ. ಕೆಲಸಗಾರರು ಇದನ್ನು ಲೈನರ್ ಎನ್ನುತ್ತಾರೆ.

ಹಿಂದಿನವರು ಇದನ್ನು ತಿಳಿಯದವರಲ್ಲ. ಇಂಗ್ಲೆಂಡಿನಲ್ಲಿ ಹೊಗೆಗೂಡು ಕಟ್ಟುವಾಗ ಸುಣ್ಣದ ಗಾರೆಗೆ ಸಗಣಿ ಕಲಸಿ ಒಳಮೈಗೆ ಬಳಿಯುವ ಪದ್ಧತಿ ಬಹುಕಾಲ ಇತ್ತು. ಸಗಣಿಯ ಗುಣವನ್ನು ನಾವು ಅವರಿಂದ ಕಲಿಯಬೇಕಾದ್ದಿಲ್ಲವಾದರೂ ಈ ಉಪಯೋಗ ನನಗೆ ಹೊಸದಾಗಿತ್ತು. ಆ ಲೇಪ ತೆರೆದ ಅಗ್ಗಿಷ್ಟಿಕೆಗೆ ಸಾಕಾಗುತ್ತಿತ್ತು. ಕಾಲಕ್ರಮೇಣ ಹಪ್ಪಳದಂತೆ ಎದ್ದು ಬೀಳುತ್ತಿತ್ತು. ಅಲ್ಲಿ 1965ರ ಕಟ್ಟಡ ನಿಯಮಗಳು ಬಂದ ಮೇಲೆ ಹೊಸ ಹೊಗೆಗೂಡುಗಳಿಗೆ ಲೈನರ್ ಕಡ್ಡಾಯವಾಯಿತು. ಯುರೋಪಿಯನ್ನರು ಇಲ್ಲಿ ಕಟ್ಟಿಸಿದ ಹಳೆಯ ತೋಟದ ಬಂಗಲೆಗಳ ಹೊಗೆಗೂಡುಗಳೆಲ್ಲ ಅದಕ್ಕೆ ಬಹಳ ಹಿಂದಿನವು. ಬಂಗಲೆಯದು ಭದ್ರವೆಂಬ ಭ್ರಮೆ ಯಾರಿಗೂ ಬೇಡ.

ಮೊದಲು ಪರೀಕ್ಷೆ

ಒಲೆಗೆ ದುಡ್ಡು ಕೊಡುವ ಮುನ್ನ ಹೊಗೆಗೂಡನ್ನು ನೋಡಿ. ಬಹುಕಾಲ ಉಪಯೋಗಿಸದೆ ಬಿಟ್ಟಿದ್ದರೆ ತುಡುವೆ ಜೇನು ಸೇರಿಕೊಂಡಿರಬಹುದು, ಹಕ್ಕಿ ಗೂಡು ಕಟ್ಟಿರಬಹುದು. ನೋಡದೆ ಬೆಂಕಿ ಹಾಕಿ ಮನೆತುಂಬ ಜೇನು ಬಿಟ್ಟುಕೊಂಡವರು ನಮ್ಮ ಪರಿಚಯದಲ್ಲೇ ಇದ್ದಾರೆ. ಮೇಲಿನಿಂದ ಕೆಳಗೆ ಚೆನ್ನಾಗಿ ಉಜ್ಜಿಸಿ, ಬುಡದಲ್ಲಿ ಬಿದ್ದದ್ದನ್ನು ಪರೀಕ್ಷಿಸಿ. ಮಸಿಯೊಂದೇ ಬಿದ್ದರೆ ಚಿಂತೆಯಿಲ್ಲ. ಮರಳು, ಗಾರೆಯ ಉಂಡೆ, ಇಟ್ಟಿಗೆಯ ಚಕ್ಕೆ ಬಿದ್ದರೆ ಗೋಡೆ ಒಳಗಿನಿಂದ ಸವೆಯುತ್ತಿದೆ. ಮೊಬೈಲ್ ಫೋನಿನ ದೀಪ ಹತ್ತಿಸಿ, ವೀಡಿಯೋ ಹಾಕಿ, ಗಟ್ಟಿ ದಾರಕ್ಕೆ ಕಟ್ಟಿ ಮೇಲಿನಿಂದ ಇಳಿಬಿಟ್ಟರೆ ಒಳಮೈಯೆಲ್ಲ ಕಾಣುತ್ತದೆ. ನನ್ನ ಮಗ ಕಂಡುಕೊಂಡ ಉಪಾಯವಿದು. ದಾರ ಗಟ್ಟಿಯಾಗಿರಬೇಕೆಂದು ಎರಡು ಸಲ ಹೇಳುತ್ತೇನೆ.

ಆಮೇಲೆ ಹೊಗೆ ಪರೀಕ್ಷೆ. ಬುಡದಲ್ಲಿ ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ, ಮೇಲೆ ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸಿ. ಮೇಲಿನ ಬಾಯಿಯನ್ನು ಒದ್ದೆ ಗೋಣಿಯಿಂದ ಮುಚ್ಚಿ. ಆ ಹೊತ್ತಿನಲ್ಲಿ ಅಟ್ಟದ ಮೇಲೆ ಒಬ್ಬರು ದೀಪ ಹಿಡಿದು ನಿಂತು, ಹೊಗೆಗೂಡಿನ ಗೋಡೆಯ ಯಾವ ಸಂದಿನಿಂದ ಹೊಗೆ ಬರುತ್ತದೆಂದು ನೋಡಿ ಸುಣ್ಣದಲ್ಲಿ ಗುರುತು ಹಾಕಬೇಕು. ಹೊಗೆ ಬರುವ ದಾರಿಯಲ್ಲಿ ಕಿಡಿಯೂ ಬರಬಲ್ಲದು. ವಾಸನೆಯಿಲ್ಲದ ವಿಷ, ಅಂದರೆ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಬರಬಲ್ಲದು.

ಮರದ ವಿಚಾರದಲ್ಲಿ ರಾಜಿ ಬೇಡ. ಹೊಗೆಗೂಡಿನ ಹೊರಮೈಗೂ ಯಾವುದೇ ಮರಕ್ಕೂ ನಡುವೆ ಎರಡು ಅಂಗುಲ ಬರಿಯ ಗಾಳಿ ಇರಬೇಕು. ನಮ್ಮ ತೊಲೆಯ ಸುಟ್ಟ ತುದಿಯನ್ನು ಕುಯ್ಯಿಸಿ, ಕೆಳಗಿನಿಂದ ಜಂಬಿಟ್ಟಿಗೆಯ ಕಂಬ ಎಬ್ಬಿಸಿ ಅದರ ಮೇಲೆ ಕೂರಿಸಿದೆವು. ನಡುವಿನ ಸಂದಿಯನ್ನು ಇಲಿ ಬರುತ್ತದೆಂದು ಹಲಗೆಯಿಂದ ಮುಚ್ಚಬೇಡಿ, ತಗಡು ಹೊಡೆಯಿರಿ. ಪಕಾಸು, ರೀಪು ಹೊಗೆಗೂಡಿಗೆ ತಾಗಿದ್ದರೆ ಅವನ್ನೂ ಕತ್ತರಿಸಿ ಅಡ್ಡ ಕಟ್ಟಬೇಕು.

ಲೈನರ್ ಯಾವುದು?

ಹೊಸದಾಗಿ ಹೊಗೆಗೂಡು ಕಟ್ಟುವವರಿಗೆ ಸುಟ್ಟ ಜೇಡಿಮಣ್ಣಿನ ಲೈನರ್ ಉತ್ತಮ. ಇಟ್ಟಿಗೆ ವರಸೆ ಏಳುತ್ತಿದ್ದಂತೆಯೇ ಒಳಗೆ ಒಂದೊಂದಾಗಿ ಕೂರಿಸಿಕೊಂಡು, ಸಂದಿಗೆ ಬೆಂಕಿಮಣ್ಣಿನ ಗಾರೆ ಹಾಕಿ ಹೋಗಬೇಕು. ಒಂದರೊಳಗೊಂದು ಕೂರುವ ಬಗೆಯದಾದರೆ ಅಗಲ ಬಾಯಿ ಮೇಲಕ್ಕಿರಬೇಕು. ತಿರುಗಿಸಿ ಇಟ್ಟರೆ ಇಳಿಯುವ ಕರಿ ನೀರು ಸಂದಿಯಿಂದ ಇಟ್ಟಿಗೆಗೆ ಸೇರುತ್ತದೆ. ಲೈನರಿಗೂ ಇಟ್ಟಿಗೆಗೂ ನಡುವೆ ಗಾರೆ ತುಂಬಿ ಗಟ್ಟಿ ಮಾಡಬಾರದು. ಕಾದಾಗ ಅದು ಹಿಗ್ಗುತ್ತದೆ, ಹಿಗ್ಗಲು ಜಾಗ ಸಿಗದಿದ್ದರೆ ಸೀಳುತ್ತದೆ. ಮೇಸ್ತ್ರಿಗಳಿಗೆ ಸಂದಿ ಕಂಡರೆ ತುಂಬಿಬಿಡುವ ಅಭ್ಯಾಸ. ಪಕ್ಕದಲ್ಲೇ ನಿಂತು ಕೆಲಸ ಮಾಡಿಸಬೇಕು.

ನಿಂತಿರುವ ಹಳೆಯ ಹೊಗೆಗೂಡಿನಲ್ಲಿ ಇದು ಆಗದ ಕೆಲಸ. ಒಳಗೆ ಸಿಮೆಂಟು ಬಳಿಸೋಣವೆನ್ನುವವರಿದ್ದಾರೆ. 14 ಅಂಗುಲದ ಗೂಡಿನಲ್ಲಿ ಕೈ ಎಟಕುವಷ್ಟು ದೂರ ಬಳಿಯಬಹುದು, ಉಳಿದದ್ದು ದೇವರ ಮೇಲೆ ಭಾರ. ಬಳಿದದ್ದೂ ಶಾಖಕ್ಕೆ ಬಿರಿದು ಬೀಳುತ್ತದೆ. ಇಲ್ಲಿಗೆ ಸರಿಯಾದದ್ದು ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ. 304 ಮತ್ತು 316 ಎಂಬ ಎರಡು ಬಗೆ ಸಿಗುತ್ತದೆ; ಹುಳಿಗೆ 316 ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ನಾನು 2014ರ ಬೇಸಿಗೆಯಲ್ಲಿ 24 ಗೇಜಿನ 316 ಹಾಳೆಯಿಂದ 4 ಅಡಿ ಉದ್ದದ ತುಂಡುಗಳನ್ನು ಮಾಡಿಸಿ ಹಾಕಿದೆ. ಒಲೆಗಿಂತ ಲೈನರಿಗೇ ಹೆಚ್ಚು ಖರ್ಚಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಮಾಡಿನ ಮೇಲೆ ನಿಂತು, ಒಂದು ತುಂಡನ್ನು ಇಳಿಬಿಟ್ಟು, ಅದಕ್ಕೆ ಮುಂದಿನದನ್ನು ಸ್ಟೀಲ್ ತಿರುಪಿನಿಂದ ಜೋಡಿಸಿ, ಹಗ್ಗದಲ್ಲಿ ಮೆಲ್ಲಗೆ ಇಳಿಸುತ್ತ ಹೋದರು. ಬಾವಿಗೆ ಪಂಪಿನ ಪೈಪು ಇಳಿಸಿ ಅಭ್ಯಾಸವಿದ್ದವರಿಗೆ ಇದು ಅರ್ಧ ದಿನದ ಕೆಲಸ. ಬುಡದಲ್ಲಿ ಟೀ ಆಕಾರದ ತುಂಡು: ಅದರ ಅಡ್ಡ ಬಾಯಿಗೆ ಒಲೆಯ ಕೊಳವೆ, ಕೆಳಬಾಯಿಗೆ ಮಸಿ ತೆಗೆಯಲು ಬಿಗಿಯಾದ ಮುಚ್ಚಳ. ಈ ಮುಚ್ಚಳ ಸಡಿಲವಾಗಿದ್ದರೆ ತಣ್ಣನೆ ಗಾಳಿ ಅಲ್ಲಿಂದಲೇ ನುಗ್ಗಿ ಸೆಳೆತ ಕೆಡುತ್ತದೆ. ಕೊಳವೆ ಮತ್ತು ಇಟ್ಟಿಗೆಯ ನಡುವಿನ ಜಾಗಕ್ಕೆ ವರ್ಮಿಕ್ಯುಲೈಟ್ ತುಂಬಿದ್ದರಿಂದ ಹೊಗೆ ಬಿಸಿಯಾಗಿಯೇ ಮೇಲೆ ಹೋಗುತ್ತದೆ. ಬತ್ತದ ಹೊಟ್ಟು ತುಂಬೋಣವೆಂದು ಒಬ್ಬರು ಸಲಹೆ ಕೊಟ್ಟಿದ್ದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಕಡಿಮೆ ಬೆಲೆಗೆ ಸಿಗುವ ಬೇರೆ ಕೊಳವೆಗಳ ವಿಚಾರ ಹೇಳಬೇಕು. ಜಿ.ಐ. ಕೊಳವೆಯ ಸತು 420 ಡಿಗ್ರಿಯಲ್ಲಿ ಕರಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಕೆಟ್ಟದ್ದು. ಸತು ಹೋದ ಮೇಲೆ ಬರಿಯ ತಗಡನ್ನು ಹುಳಿ ನೀರು ಬೇಗನೆ ತಿಂದುಬಿಡುತ್ತದೆ. 1980ರ ದಶಕದಲ್ಲಿ ಹೊಗೆಯಿಲ್ಲದ ಒಲೆಗಳು ಊರೂರಿಗೆ ಬಂದಾಗ ಅವುಗಳಿಗೆ ಕಲ್ನಾರಿನ ಸಿಮೆಂಟ್ ಕೊಳವೆ ಹಾಕುತ್ತಿದ್ದರು. ಹೆಂಗಸರ ಕಣ್ಣು, ಎದೆ ಉಳಿಸಿದ ಒಲೆಗಳವು, ಅವನ್ನು ಹಳಿಯುವುದಿಲ್ಲ. ಆದರೆ ಕಬ್ಬಿಣದ ಒಲೆಯ ಶಾಖಕ್ಕೆ ಆ ಕೊಳವೆ ಸಿಡಿಯಬಲ್ಲದು. ಕೊಯ್ದರೆ, ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿ. ಹಳೆಯದು ಮನೆಯಲ್ಲಿ ಬಿದ್ದಿದೆಯೆಂದು ಉಪಯೋಗಿಸಬೇಡಿ. ಮಾಡಿನ ಮೇಲಿನ ತುಂಡಿಗೆ ಪಿ.ವಿ.ಸಿ. ಪೈಪು ಹಾಕಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಒಲೆಯಿಂದ ಗೋಡೆಯವರೆಗೆ

ಒಲೆಗೂ ಲೈನರಿಗೂ ನಡುವಿನ ಕೊಳವೆ ಆದಷ್ಟು ಗಿಡ್ಡವಾಗಿ, ಆದಷ್ಟು ನೇರವಾಗಿ ಇರಲಿ. ಮೊಣಕೈ ತಿರುವು ಎರಡಕ್ಕಿಂತ ಹೆಚ್ಚು ಬೇಡ. ಅಡ್ಡವಾಗಿ ಹೋಗುವ ಕಡೆ ಅಡಿಗೆ ಕಾಲು ಅಂಗುಲದಂತೆ ಹೊಗೆಗೂಡಿನ ಕಡೆಗೆ ಏರಬೇಕು. ಜೋಡಿಸುವಾಗ ಮೇಲಿನ ಕೊಳವೆಯ ಕಿರಿದಾದ ತುದಿ ಕೆಳಗಿನದರೊಳಗೆ ಕೂರಬೇಕು. ಇದನ್ನು ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತಿರುಗಿಸಿ ಮಾಡುತ್ತಾರೆ, ಹೊಗೆ ಸಂದಿಯಿಂದ ಹೊರಬರುತ್ತದೆಂಬ ಭಯದಿಂದ. ಸೆಳೆತ ಸರಿಯಿದ್ದರೆ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ಕರಿ ನೀರು, ಅದು ಒಲೆಯೊಳಗೇ ಇಳಿದು ಉರಿದುಹೋಗುವ ಹಾಗೆ ಜೋಡಣೆ ಇರಬೇಕು. ಪ್ರತಿ ಜೋಡಣೆಗೂ ಮೂರು ತಿರುಪು ಹಾಕಿ. ಹೊಗೆಗೂಡಿಗೆ ಬೆಂಕಿ ಹತ್ತಿದಾಗ ಕೊಳವೆ ಗಡಗಡನೆ ಅದುರುತ್ತದೆ. ತಿರುಪಿಲ್ಲದಿದ್ದರೆ ಬೇಕಾದ ಹೊತ್ತಿನಲ್ಲೇ ಬಿಚ್ಚಿಕೊಳ್ಳುತ್ತದೆ.

ಒಂಟಿ ತಗಡಿನ ಈ ಕೊಳವೆಗೂ ಮರದ ಬಾಗಿಲು, ಮುಚ್ಚಿಗೆ, ಕಿಟಕಿ ಚೌಕಟ್ಟಿಗೂ ನಡುವೆ 18 ಅಂಗುಲ ಅಂತರ ಬೇಕು. ಗೋಡೆ ಇಟ್ಟಿಗೆಯದೇ ಆದರೆ ತೂತಿಗೆ ದಪ್ಪ ಸ್ಟೀಲಿನ ಅಥವಾ ಸುಟ್ಟ ಮಣ್ಣಿನ ಬಳೆ ಕೂರಿಸಿ, ಸುತ್ತ ಬೆಂಕಿಮಣ್ಣಿನಿಂದ ಮುಚ್ಚಿ. ಹಲಗೆ ಗೋಡೆಯನ್ನು ದಾಟಿ ಕೊಳವೆ ಒಯ್ಯುವ ವಿಚಾರವನ್ನೇ ಬಿಡಿ. ಆ ಕಡೆ ಒಲೆ ಬೇಕೆಂದರೆ ಬಳೆಯ ಸುತ್ತ ಹಲಗೆಯನ್ನು ಒಂದಡಿ ಬಿಡಿಸಿ, ಅಷ್ಟಕ್ಕೂ ಇಟ್ಟಿಗೆ ಕಟ್ಟಿಸಬೇಕು. ಟೀ ತುಂಡಿಲ್ಲದೆ ನೇರ ಸೇರಿಸುವ ಕಡೆ ಕೊಳವೆಯ ತುದಿ ಹೊಗೆದಾರಿಯ ಒಳಮೈಗೆ ಸಮನಾಗಿ ನಿಲ್ಲಬೇಕು, ಒಳಗೆ ಚಾಚಿಕೊಂಡಿರಬಾರದು. ನನ್ನ ಮೊದಲ ಜೋಡಣೆಯಲ್ಲಿ ಅದು ಅರ್ಧ ಅಡಿ ಒಳಗೆ ಹೋಗಿ ಹೊಗೆಗೆ ಅಡ್ಡಗಟ್ಟಿತ್ತು. ಒಂದು ಹೊಗೆದಾರಿಗೆ ಒಂದೇ ಒಲೆ. ಬಚ್ಚಲ ಹಂಡೆಯ ಒಲೆಯನ್ನೂ ಇದಕ್ಕೇ ಸೇರಿಸಿದರೆ ಒಂದರ ಹೊಗೆ ಇನ್ನೊಂದರ ಬಾಯಿಂದ ಬರುತ್ತದೆ. ಒಲೆಯ ಅಡಿಗೆ ಕಲ್ಲುಚಪ್ಪಡಿ ಇದ್ದು, ಬಾಗಿಲ ಮುಂದೆ 18 ಅಂಗುಲವಾದರೂ ಚಾಚಿರಲಿ. ಕೆಂಡ ಬೀಳುವುದು ಅಲ್ಲೇ.

ಮೇಲಿನ ತುದಿ ಮಾಡನ್ನು ದಾಟುವ ಜಾಗದಿಂದ 3 ಅಡಿಯಾದರೂ ಎತ್ತರವಿರಬೇಕು. ಸುತ್ತ 10 ಅಡಿಯೊಳಗೆ ಮಾಡಿನ ನೆತ್ತಿಯೋ ಇನ್ನೊಂದು ಗೋಡೆಯೋ ಇದ್ದರೆ ಅದಕ್ಕಿಂತ 2 ಅಡಿ ಮೇಲಿರಬೇಕು. ಇಲ್ಲದಿದ್ದರೆ ಮಾಡಿನ ಮೇಲಿಂದ ಉರುಳಿ ಬರುವ ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಮಳೆ ಒಳಗೆ ಬೀಳದಂತೆ ಟೋಪಿ ಬೇಕೇ ಬೇಕು.

ನಡೆಸುವ ಕ್ರಮ

ಲೈನರ್ ಹಾಕಿದ ಮೇಲೂ ಕಟ್ಟಿಗೆ ಹಸಿಯಿದ್ದರೆ ಟಾರು ಕಟ್ಟುವುದು ತಪ್ಪುವುದಿಲ್ಲ. ಮರಗಸಿಯ ಕೊಂಬೆಯನ್ನು ಸೀಳಿ, ಮಳೆಗೆ ಮರೆಯಾಗಿ ಗಾಳಿಯಾಡುವಂತೆ ಒಟ್ಟಿ, ಈ ವರ್ಷದ್ದನ್ನು ಮುಂದಿನ ಮಳೆಗಾಲಕ್ಕೆ ಉಪಯೋಗಿಸಬೇಕು. ಸೀಳದ ದುಂಡು ಕೊಂಬೆ ವರ್ಷವಾದರೂ ಒಳಗೆ ಹಸಿಯೇ. ಅಡಿಕೆ ಸಿಪ್ಪೆ ಕಮರುವ ವಸ್ತು, ಕಬ್ಬಿಣದ ಒಲೆಗೆ ಬೇಡ; ತೆಂಗಿನ ಚಿಪ್ಪು ಚೆನ್ನಾಗಿ ಉರಿಯುತ್ತದೆ. ಗಾಳಿಯ ಕಿಂಡಿ ಮುಚ್ಚಿ ರಾತ್ರಿಯಿಡೀ ಕಮರಿಸುವ ಬದಲು ಸಣ್ಣ ಬೆಂಕಿಯನ್ನು ಚುರುಕಾಗಿ ಉರಿಸಿ ಆರಿಸಿ. ಒಲೆ ಉರಿಯುವಾಗ ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನು ಹಾಕಿದರೆ, ಬಾಗಿಲು ಕಿಟಕಿಯೆಲ್ಲ ಮುಚ್ಚಿದ್ದ ಪಕ್ಷದಲ್ಲಿ, ಆ 2 ಮಿಲಿಮೀಟರಿನ ಸೆಳೆತವನ್ನು ಫ್ಯಾನು ಸುಲಭವಾಗಿ ಸೋಲಿಸಿ ಹೊಗೆಯನ್ನು ಮನೆಗೆ ಎಳೆಯುತ್ತದೆ. ಕೆಂಡ ಮಾತ್ರ ಉಳಿದಿದ್ದಾಗ ಹೊಗೆಯೂ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ, ವಿಷ ಮಾತ್ರ ಬರುತ್ತದೆ. ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ಓಕರಿಕೆ ಬಂದರೆ ಕೂಡಲೇ ಹೊರಗೆ ಹೋಗಿ. ಒಲೆಯಿರುವ ಕೋಣೆಯಲ್ಲಿ ಅತಿಥಿಗಳನ್ನು ಮಲಗಿಸುವವರು ಕಾರ್ಬನ್ ಮಾನಾಕ್ಸೈಡ್ ಸೂಚಕವೊಂದನ್ನು ತಂದು ಹಾಕಲೇಬೇಕು.

ಒಳಗೆ ಕಟ್ಟಿದ ಪದರ ಕಾಲು ಅಂಗುಲ ಆಗುವವರೆಗೆ ಕಾಯಬಾರದು. ನಾನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಉಜ್ಜಿಸುತ್ತೇನೆ. ಸ್ಟೀಲ್ ಲೈನರಿಗೆ ನೈಲಾನ್ ಬ್ರಷ್ ಸಾಕು. ಹಿಂದೆ ಹಗ್ಗಕ್ಕೆ ಕಲ್ಲು ಕಟ್ಟಿ ಸೊಪ್ಪಿನ ಕಟ್ಟು ಎಳೆಯುತ್ತಿದ್ದಂತೆ ಇದಕ್ಕೆ ಮಾಡಿದರೆ ಕೊಳವೆ ಜಜ್ಜಿಹೋಗುತ್ತದೆ.

ಇಷ್ಟರ ಮೇಲೂ ಬೆಂಕಿ ಹತ್ತಿದರೆ: ಒಲೆಯ ಬಾಗಿಲನ್ನೂ ಗಾಳಿಯ ಕಿಂಡಿಯನ್ನೂ ಮುಚ್ಚಿ. ಮನೆಯವರನ್ನೆಲ್ಲ ಹೊರಗೆ ಕಳಿಸಿ 101ಕ್ಕೆ ಫೋನು ಮಾಡಿ. ಹೊಗೆಗೂಡಿಗೆ ಮೇಲಿನಿಂದ ನೀರು ಸುರಿಯಬೇಡಿ; ಕಾದ ಇಟ್ಟಿಗೆ ಸಿಡಿಯುತ್ತದೆ, ಬಿಸಿ ಆವಿ ಸುರಿದವರ ಮುಖಕ್ಕೇ ಬರುತ್ತದೆ. ಅಟ್ಟದ ಮರವನ್ನು ಒದ್ದೆ ಮಾಡಲು ಬೆನ್ನಿನ ಪಂಪು ಒಳ್ಳೆಯದು, ಆದರೆ ಇಳಿದು ಓಡಲು ದಾರಿ ಇರುವಾಗ ಮಾತ್ರ. ಬೆಂಕಿ ಆರಿದ ಮೇಲೂ ಗೋಡೆ ಗಂಟೆಗಟ್ಟಲೆ ಕಾದಿರುತ್ತದೆ, ಒಬ್ಬರು ಕಾವಲಿರಬೇಕು. ಮತ್ತೆ ಪರೀಕ್ಷೆ ಮಾಡಿಸದೆ ಆ ಒಲೆಯನ್ನು ಹಚ್ಚಬಾರದು.

ಸಂಘದ ಗೋದಾಮಿನಲ್ಲಿ 6 ಅಂಗುಲದ ನೈಲಾನ್ ಬ್ರಷ್ ಒಂದು ಮತ್ತು ತಿರುಪು ಜೋಡಣೆಯ ಕೋಲುಗಳು ಇವೆ. ಸದಸ್ಯರು ಪುಸ್ತಕದಲ್ಲಿ ಬರೆದು ಎರಡು ದಿನದ ಮಟ್ಟಿಗೆ ಒಯ್ಯಬಹುದು, ಬಾಡಿಗೆ ಇಲ್ಲ. ಕೋಲು ಐದು ಇದ್ದವು, ಈಗ ನಾಲ್ಕಿವೆ. ಐದನೆಯದು ಯಾರ ಮನೆಯಲ್ಲಿ ಉಳಿದಿದೆಯೋ ಅವರು ಮೇ ತಿಂಗಳೊಳಗೆ ತಂದುಕೊಡಬೇಕಾಗಿ ವಿನಂತಿ.